ನಿದ್ರಾನಂದನ ಹಿಂದೆ ಊರ ತಿಗಣೆ

ಫಾಲ್ಗುಣದ ಬಿಸಿಲು ಏರುತ್ತಿತ್ತು. ಕರೆಗಲ್ಲಹಟ್ಟಿಯ ಮೇಲಿನ ಬೀದಿಯಲ್ಲಿ ಬೆಳಗಿನಿಂದ ಟಪ್ ಟಪ್ ಅಂತ ಒಂದೇ ಸದ್ದು. ಹುಣಸೆಹಣ್ಣಿನ ಕಾಲ. ಮನೆಮನೆಯ ಜಗಲಿಯ ಮೇಲೆ ಹೆಂಗಸರು ಕಾಲು ಚಾಚಿ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು ಕೊಡತಿಯಿಂದ ಬಡಿದು, ಬೀಜ ಒಂದು ಕಡೆ ನಾರು ಒಂದು ಕಡೆ ಮಾಡುತ್ತಿದ್ದರು. ಬಿಡಿಸಿದ ಹಣ್ಣು ಬೀದಿಯುದ್ದಕ್ಕೂ ಈಚಲು ಚಾಪೆಗಳ ಮೇಲೆ ಒಣಗುತ್ತಿತ್ತು. ನಡೆಯುವವರು ಚಾಪೆ ತುಳಿಯದಂತೆ ಕೊಕ್ಕರೆ ಹಾಗೆ ಕಾಲೆತ್ತಿ ಹಾಕಬೇಕು. ತುಳಿದರೆ ಕೊಡತಿ ಹಣ್ಣು ಬಿಟ್ಟು ಮೊಣಕಾಲಿಗೆ ಬೀಳುತ್ತದೆ.

ಆ ಬೀದಿಯ ತಲೆಯಲ್ಲಿ, ಪಂಚಾಯಿತಿ ಕಚೇರಿಯ ಮಗ್ಗುಲಿಗೆ, ಗ್ರಂಥಾಲಯ. ಅದರ ಅಂಗಳದಲ್ಲಿ ಮೇಲ್ವಿಚಾರಕಿ ಗಂಗಾಂಬಿಕೆಗೂ ಕೈತುಂಬ ಕೆಲಸ. ಓದಿ ವಾಪಸು ಬಂದ ಪುಸ್ತಕಗಳನ್ನು ಕರಿ ಬಣ್ಣ ಬಳಿದ ತಗಡಿನ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ಒಳಗಿನ ತಿಗಣೆ ಬೆಂದು ಸಾಯಲಿ ಎಂದು ಬಿಸಿಲಿಗೆ ಇಟ್ಟಿದ್ದಳು. ಬೆತ್ತದ ಕುರ್ಚಿಗಳನ್ನು ಸಾಲಾಗಿ ಬೋರಲು ಹಾಕಿ, ಹಂಡೆಯಿಂದ ಕುದಿಯುವ ನೀರು ಮೊಗೆದು ಹೆಣಿಗೆಯ ಸಂದಿಗೆ ಹುಯ್ಯುತ್ತಿದ್ದಳು. ಚೊಂಬಿಗೊಂದು ಬೈಗುಳ. ನೀರು ತಿಗಣೆಗೆ, ಬೈಗುಳ ಪಂಚಾಯಿತಿ ಅಧ್ಯಕ್ಷ ಷಡಾಕ್ಷರಪ್ಪನವರಿಗೆ.

ಬೈಯದೆ ಇನ್ನೇನು ಮಾಡಬೇಕು ಹೇಳಿ! ಊರಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಗ್ರಂಥಾಲಯದ ಕುರ್ಚಿ ಹೋಗದೆ ನಡೆಯುವುದಿಲ್ಲ. ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. "ಊರಿನ ಕುರ್ಚಿ ತಾನೆ ಕಣಮ್ಮ" ಅಂತ ತಲೆಯ ಮೇಲೆ ಹೊತ್ತುಕೊಂಡು ಹೋಗುವುದು, ಮನಸ್ಸು ಬಂದಾಗ ತಂದು ಎಸೆಯುವುದು. ಹೋಗುವಾಗ ಬರೀ ಕುರ್ಚಿ, ಬರುವಾಗ ಕುರ್ಚಿಯ ಜೊತೆಗೆ ಆ ಮನೆಯ ತಿಗಣೆ. ಅವಳು ನೀರು ಕಾಯಿಸುವುದು, ಅವರು ಮತ್ತೆ ಹೊರುವುದು.

ಹೋದ ತಿಂಗಳು ಷಡಾಕ್ಷರಪ್ಪನವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕುರ್ಚಿಗಳು ಎಂಟು ದಿನ ಮೊದಲೇ ಅವರ ಮನೆ ಸೇರಿದ್ದವು. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಗಂಡಿನ ಸೋದರಮಾವ ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟು, ಎದ್ದು ನಿಂತು, ಹಿರಿಯರು ಸಭೆಯಲ್ಲಿ ಕೆರೆಯಬಾರದ ಜಾಗವನ್ನೆಲ್ಲ ಕೆರೆದುಕೊಂಡರು. ಬಿಳಿ ಪಂಚೆಯ ಮೇಲೆ ಉದ್ದಿನಕಾಳಿನ ಗಾತ್ರದ ಒಂದು ತಿಗಣೆ ಎಲ್ಲರಿಗೂ ಕಾಣುವಂತೆ ನಿಧಾನಕ್ಕೆ ನಡೆದುಹೋಯಿತು! ಷಡಾಕ್ಷರಪ್ಪನವರು ತಡಮಾಡಲಿಲ್ಲ. "ಲೈಬ್ರರಿ ಕುರ್ಚಿ! ಲೈಬ್ರರಿ ತಿಗಣೆ!" ಎಂದು ಕೂಗಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಂದಿನಿಂದ ಊರೆಲ್ಲ ಅದೇ ಮಾತು. ಯಾರ ಮನೆಯಲ್ಲಿ ಮಗು ರಾತ್ರಿ ಅತ್ತರೂ ಲೈಬ್ರರಿ ತಿಗಣೆ. ಪುಸ್ತಕದ ಮುಖ ನೋಡದವನ ಬೆನ್ನಿನಲ್ಲೂ ಲೈಬ್ರರಿ ತಿಗಣೆ. ಇವತ್ತು ಮಧ್ಯಾಹ್ನ ಪಂಚಾಯಿತಿ ಸಭೆ. ಪುಸ್ತಕ, ಕುರ್ಚಿ ಎಲ್ಲ ಸುಟ್ಟು, ಕೋಣೆಗೆ ಬೀಗ ಹಾಕುವ ಠರಾವು ಆಗಲೇ ಬರೆದಿಟ್ಟಾಗಿದೆ. ಬೀಗದ ಕೈ ಅಧ್ಯಕ್ಷರ ಹತ್ತಿರ ಇರುತ್ತದಂತೆ. ಕೋಣೆ ಖಾಲಿ ಬಿದ್ದಿರಬಾರದಲ್ಲ, ಅವರ ಹುಣಸೆಹಣ್ಣಿನ ದಾಸ್ತಾನು ಅಲ್ಲಿ ಇರುತ್ತದಂತೆ!

"ತಪ್ಪು ಅವರದು, ಬೀಗ ನನಗೆ!" ಎಂದು ಗಂಗಾಂಬಿಕೆ ಇನ್ನೊಂದು ಚೊಂಬು ಹುಯ್ದಳು.

ಹೊತ್ತಿಗೆ ಮೊದಲೇ ಪೇಪರ್ ಓದಲು ಬಂದು, ಕುರ್ಚಿಯಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದ ದ್ಯಾಮಜ್ಜ ತಲೆಯೆತ್ತಿದ. "ಗಂಗವ್ವ, ನಿಮ್ಮ ಭಾವ ಬರ್ತಾವ್ನೆ ನೋಡು. ತಳ್ಳೋ ಗಾಡೀಲಿ ಯಾವುದೋ ಹೆಣ ತತ್ತಾವ್ನೆ."

ಭಾವ ಎಂದರೆ ಏಕಾಂತಪ್ಪ, ಗಂಗಾಂಬಿಕೆಯ ಅಕ್ಕನ ಗಂಡ. ಕಸುಬು ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವುದು. ಹುಚ್ಚು ಹೊಸ ಯಂತ್ರ ಕಂಡುಹಿಡಿಯುವುದು. ಅವನು ಮಾಡಿದ ರೊಟ್ಟಿ ಬಡಿಯುವ ಯಂತ್ರ ಒಂದು ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಿತ್ತೆಂದರೆ ಅದು ಇವತ್ತಿಗೂ ಅಕ್ಕನ ಅಡುಗೆಮನೆಯ ತೊಲೆಗೆ ಅಂಟಿಕೊಂಡಿದೆ.

ಗಾಡಿಯಲ್ಲಿ ಮಲಗಿದ್ದದ್ದು ಹೆಣವಲ್ಲ. ಹಳೇ ನೀರಿನ ಡ್ರಮ್ಮು, ಅದಕ್ಕೆ ಸುತ್ತಿದ ಕೌದಿ, ತಲೆಯ ಜಾಗದಲ್ಲಿ ಮೂಗು, ಕಿವಿ ಕೊರೆದ ಮಡಕೆ. ಎದೆಯ ಮೇಲೆ ಅಂಗೈ ಅಗಲದ ಸೋಲಾರ್ ಹಲಗೆ.

"ಗಂಗಾ! ನಿನ್ನ ಕಷ್ಟ ಇವತ್ತಿಗೆ ಮುಗೀತು!" ಏಕಾಂತಪ್ಪ ಹಣೆಯ ಬೆವರು ಒರೆಸಿಕೊಂಡ. "ಇವನ ಹೆಸರು ನಿದ್ರಾನಂದ. ಲೋಕದಲ್ಲೇ ಮೊದಲನೇ ಕೃತಕ ಮಲಗಿದ ಮನುಷ್ಯ!"

"ಮಲಗಿದ ಮನುಷ್ಯರಿಗೆ ನಮ್ಮೂರಲ್ಲಿ ಏನು ಬರ, ಭಾವ? ಪಂಚಾಯಿತಿ ಒಳಗೆ ಹೋಗಿ ನೋಡಿ. ಎಲ್ಲ ಅಸಲಿ ಮಾಲೇ ಸಿಗುತ್ತೆ."

"ತಮಾಷೆ ಬೇಡ. ತಿಗಣೆ ಮನುಷ್ಯನ್ನ ಹೇಗೆ ಹುಡುಕುತ್ತೆ? ಮೈ ಬಿಸಿ, ಬಿಟ್ಟ ಉಸಿರು, ಬೆವರಿನ ವಾಸನೆ. ಮೂರೂ ಇವನಿಗಿದೆ. ಮೈಯೊಳಗೆ ಹೀಟರು. ವಾಸನೆಗೆ ನನ್ನ ಬನಿಯನ್ನು. ಉಸಿರಿಗೆ ಹೊಟ್ಟೇಲಿ ಹುಳಿ ಬಂದ ದೋಸೆ ಹಿಟ್ಟು! ಹಿಟ್ಟು ಹುಳಿಯಾದಾಗ ಬಿಡೋ ಗಾಳಿ, ನಾವು ಬಿಡೋ ಉಸಿರು, ಎರಡೂ ಒಂದೇ ಜಾತಿ. ಅದಕ್ಕೆ ನಾನೇ ಸಾಕಿದ ವಿಶೇಷ ಹುದುಗು ಬೆರೆಸಿದೀನಿ. ನೂರಾಳು ಒಟ್ಟಿಗೆ ಮಲಗಿದಷ್ಟು ಉಸಿರು ಬಿಡ್ತಾನೆ!"

"ದೋಸೆ ಹಿಟ್ಟು ಎಲ್ಲಿಂದ ತಂದ್ರಿ?"

ಏಕಾಂತಪ್ಪ ಉತ್ತರ ಕೊಡುವ ಮೊದಲೇ ಬೀದಿಯ ಆ ತುದಿಯಿಂದ ಅಕ್ಕ ಸರ್ವಮಂಗಳೆಯ ದನಿ ಕೇಳಿಸಿತು. "ನನ್ನ ಹಿಟ್ಟಿನ ಪಾತ್ರೆ ಎಲ್ರೀ? ರುಬ್ಬಿಟ್ಟ ಹಿಟ್ಟು ಕಾಲು ಬಂದು ಹೋಯ್ತಾ?"

"ಬೇಗ ಒಳಗೆ ನಡಿ!" ಎಂದ ಏಕಾಂತಪ್ಪ.

ನಿದ್ರಾನಂದನನ್ನು ಓದುವ ಬೆಂಚಿನ ಮೇಲೆ ಮಲಗಿಸಿದರು. ಕಿಟಕಿಯ ಬಿಸಿಲು ನೇರವಾಗಿ ಎದೆಯ ಹಲಗೆಗೆ ಬಿತ್ತು. ಏಕಾಂತಪ್ಪ ಬೆನ್ನಿನ ಕೆಳಗೆ ಕೈ ತೂರಿಸಿ ಸ್ವಿಚ್ಚು ಒತ್ತಿದ. ಗೊರ್ರ್ರ್ ಎಂದು ಗೊರಕೆ ಶುರುವಾಯಿತು.

"ಗೊರಕೆ ಯಾಕೆ? ತಿಗಣೆಗೆ ಕಿವಿ ಇದೆಯಾ?" ಗಂಗಾಂಬಿಕೆ ಕೇಳಿದಳು.

"ನಂಬಿಕೆ ಬರಲಿ ಅಂತ."

ನಂಬಿಕೆ ಬಂದಿತು. ಕಪಾಟಿನ ಸಂದಿಯಿಂದ ಒಂದು ತಿಗಣೆ ತಲೆ ಹಾಕಿತು. ಹಿಂದೆ ಇನ್ನೊಂದು. ಗೋಡೆಯ ಬಿರುಕಿನಿಂದ, ಹಳೇ ಕಾದಂಬರಿಯ ಬೆನ್ನಿನಿಂದ, ಕೀಲುಗಳಿಂದ ಒಂದೊಂದಾಗಿ ಇಳಿದು, ಹಗಲು ಎನ್ನುವುದನ್ನೇ ಮರೆತು, ನಿದ್ರಾನಂದನ ಕಿವಿಯ ತೂತಿನೊಳಗೆ ಹೊಕ್ಕವು. ಹೊಕ್ಕರೆ ಒಳಗಿನ ಕಾದ ತಗಡಿನ ಮೇಲೆ ಬೀಳಬೇಕು. ಚಟ್! ಚಟ್! ಎಂದು ಸದ್ದು.

"ಅಬ್ಬಾ!" ಎಂದಳು ಗಂಗಾಂಬಿಕೆ. ವರ್ಷಗಟ್ಟಲೆ ನೀರು ಕಾಯಿಸಿ ಸುಟ್ಟುಕೊಂಡ ಅವಳ ಕೈಗಳು ತಾವಾಗಿ ಮುಗಿದವು. ಗೋಡೆ ಸ್ವಚ್ಛ, ಕಪಾಟು ಸ್ವಚ್ಛ. ಇನ್ನು ಅಧ್ಯಕ್ಷರು ಬಂದು ಮೂಲೆಮೂಲೆ ಹುಡುಕಲಿ, ಒಂದಾದರೂ ಸಿಗಲಿ ನೋಡೋಣ! "ಸಾಕು ಭಾವ. ಇನ್ನು ಆಫ್ ಮಾಡಿ."

ಏಕಾಂತಪ್ಪ ಸ್ವಿಚ್ಚು ಒತ್ತಿದ. ಗೊರಕೆ ನಿಲ್ಲಲಿಲ್ಲ. ಮತ್ತೊಮ್ಮೆ ಒತ್ತಿದ. ಗೊರಕೆ ಇನ್ನಷ್ಟು ಜೋರಾಯಿತು. ನಿದ್ರಾನಂದನ ಹೊಟ್ಟೆ ಬಸುರಿಯ ಹೊಟ್ಟೆಯಂತೆ ಉಬ್ಬತೊಡಗಿತು.

"ಏನ್ ಭಾವ ಇದು?"

"ಬ್ಯಾಟರಿ ಆಫ್ ಆಗಿದೆ. ಆದರೆ ಬಿಸಿಲಿನ ಕರೆಂಟು ನೇರವಾಗಿ ಹೋಗ್ತಿದೆ. ಹಿಟ್ಟು ಬೇರೆ... ಈ ಸೆಕೆಗೆ ಸ್ವಲ್ಪ ಜಾಸ್ತಿ ಹುಳಿ ಬರ್ತಿದೆ."

"ಸ್ವಲ್ಪ?"

"ಈಗ ಸಾವಿರಾಳು ಮಲಗಿದಷ್ಟು ಇರಬಹುದು," ಎಂದ ಏಕಾಂತಪ್ಪ. ಅವನ ದನಿಯಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು.

ಅಷ್ಟರಲ್ಲಿ ಹೊರಗೆ ಟಪ್ ಟಪ್ ಸದ್ದು ನಿಂತಿತು. ಇಡೀ ಬೀದಿಯ ಕೊಡತಿ ಒಮ್ಮೆಗೇ ನಿಂತರೆ ಯಾರೋ ಸತ್ತಿರಬೇಕು. ಗಂಗಾಂಬಿಕೆ ಬಾಗಿಲಿಗೆ ಓಡಿದಳು.

ಪಂಚಾಯಿತಿ ಕಚೇರಿಯ ಹೊಸ್ತಿಲಿನಿಂದ ಒಂದು ಕಂದು ಸಾಲು ಇಳಿದು ಬರುತ್ತಿತ್ತು. ಕಡತಗಳ ನಡುವೆ ನೆಮ್ಮದಿಯಾಗಿದ್ದ ತಿಗಣೆಗಳು. ಎದುರು ಮನೆಯಿಂದ ಒಂದು ಸಾಲು. ಪಕ್ಕದ ಮನೆಯಿಂದ ಎರಡು. ಮನೆಮನೆಯಿಂದಲೂ ಇರುವೆ ಸಾಲಿನಂತೆ, ಆದರೆ ಇರುವೆಗಿಂತ ದಪ್ಪ, ಇರುವೆಗಿಂತ ಗಂಭೀರ, ಹುಣಸೆಹಣ್ಣಿನ ಚಾಪೆಗಳನ್ನು ಸುತ್ತುಬಳಸಿ ಗ್ರಂಥಾಲಯದ ಕಡೆಗೆ ಬರುತ್ತಿದ್ದವು. ಪಟ್ಟಣಕ್ಕೆ ಹೊರಡಲು ಮುಖ ತಿರುಗಿಸಿ ನಿಂತಿದ್ದ ಬಸ್ಸಿನಿಂದಲೂ ಒಂದು ಸಾಲು ಇಳಿಯಿತು. "ಇಷ್ಟೂ ಜನ ಟಿಕೆಟ್ ಇಲ್ದೆ ಬಂದವ್ರೆ!" ಎಂದು ಕಂಡಕ್ಟರು ಬಾಗಿಲಲ್ಲೇ ಕಾಲೆತ್ತಿ ನಿಂತ.

ಬೀದಿಯಲ್ಲಿ ಜಗಳ ಶುರುವಾಯಿತು.

"ಏ, ಇದು ನಿಮ್ಮನೆ ಸಾಲು!"

"ನಮ್ಮನೇದಾ? ನಮ್ಮನೇಲಿ ತಿಗಣೆ ಅಂದ್ರೆ ಏನೂಂತಲೇ ಗೊತ್ತಿಲ್ಲ! ನಿಮ್ಮನೆಯಿಂದ ನಮ್ಮನೆಗೆ ಬಂದು, ನಮ್ಮನೆಯಿಂದ ಹೊರಟಿದೆ ಅಷ್ಟೆ!"

"ಹಂಗಾದ್ರೆ ನಿಮ್ಮನೆಗೆ ಯಾಕೆ ಬಂತು? ನೆಂಟಸ್ತನಕ್ಕಾ?"

ಒಬ್ಬಳು ಪೊರಕೆ ತಂದು ತನ್ನ ಬಾಗಿಲಿನ ಸಾಲನ್ನು ಪಕ್ಕದ ಬಾಗಿಲಿನ ಸಾಲಿಗೆ ಗುಡಿಸಿ ಸೇರಿಸಿದಳು. ಪಕ್ಕದವಳು ಗುಡಿಸಿ ವಾಪಸು ಕಳಿಸಿದಳು. ಬೀದಿಯೆಲ್ಲ ಪೊರಕೆ! ತಿಗಣೆಗಳು ಮಾತ್ರ ಯಾರ ಮೇಲೂ ಸಿಟ್ಟಾಗದೆ, ಗುಡಿಸಿದ ಕಡೆಯಿಂದ ಮತ್ತೆ ದಾರಿ ಹಿಡಿದವು.

ಸಭೆಗೆ ಬಂದಿದ್ದ ಷಡಾಕ್ಷರಪ್ಪನವರು ಸದಸ್ಯರೊಂದಿಗೆ ಹೊರಗೆ ಬಂದರು. ಕೈಯಲ್ಲಿ ಠರಾವಿನ ಹಾಳೆ. ಒಂದು ಕ್ಷಣ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ನೋಡಿದ್ರಾ? ನಾನು ಹೇಳ್ಳಿಲ್ವಾ? ಲೈಬ್ರರಿಯಿಂದ ಊರಿಗೆಲ್ಲ ಹೊರಟಿವೆ!"

ಗಂಗಾಂಬಿಕೆಗೆ ಮೈ ಉರಿದುಹೋಯಿತು. ಅವಳು ಅಂಗಳಕ್ಕೆ ಇಳಿದು ಬಂದು ಸಾಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಅಧ್ಯಕ್ಷರೇ, ಸ್ವಲ್ಪ ಬಗ್ಗಿ. ಹಿಂದು ಯಾವುದು ಮುಂದು ಯಾವುದು ನೋಡಿ. ಮೂತಿ ಯಾವ ಕಡೆಗಿದೆ? ಹೊರಟಿಲ್ಲ, ಬರ್ತಿವೆ! ನಿಮ್ಮ ನಿಮ್ಮ ಮನೆಯಿಂದ ಬರ್ತಿವೆ! ನಾನು ನೀರು ಕಾಯಿಸಿ ಕಾಯಿಸಿ ಕೈ ಸುಟ್ಕೊಂಡೆ, ನೀವು ಕುರ್ಚಿ ಹೊತ್ಕೊಂಡು ಹೋಗಿ ಹೋಗಿ ತುಂಬಿಸಿ ಕಳಿಸಿದ್ರಿ!"

"ಏ, ಮೂತಿ ಗೀತಿ ಎಲ್ಲ ಬೇಡ. ಯಾವನಿಗೆ ಕಾಣುತ್ತೆ ತಿಗಣೆ ಮೂತಿ?"

"ಮೂತಿ ಕಾಣದಿದ್ರೆ ಸಾಲು ಕಾಣುತ್ತಲ್ಲ," ಎಂದ ದ್ಯಾಮಜ್ಜ. ಅವನು ಪೇಪರು ಮಡಿಸಿ, ಕೋಲೂರಿಕೊಂಡು ಎದ್ದಿದ್ದ. "ಎಲ್ಲಾ ಸಾಲೂ ದಾರದಂಗವೆ. ಅಗೋ ಅದೊಂದು ನೋಡ್ರಪ್ಪ, ಬಾವಿ ಹಗ್ಗದಂಗೆ ಐತೆ. ಅದ್ಯಾವ ಪುಣ್ಯಾತ್ಮರದು?"

ಜನರೆಲ್ಲ ಹಗ್ಗದ ಜಾಡು ಹಿಡಿದು ನೋಡಿದರು. ಅದು ಬೀದಿಯ ಇಳಿಜಾರಿನಲ್ಲಿ ಸಾಗಿ, ಕೊನೆಯ ಮನೆಯ ಕೆತ್ತನೆಯ ಬಾಗಿಲೊಳಗೆ ಹೊಕ್ಕಿತ್ತು. ಎಲ್ಲರ ಕಣ್ಣೂ ಅಧ್ಯಕ್ಷರ ಕಡೆ ತಿರುಗಿದವು.

"ಅದು ನಮ್ಮ ಮನೆ ಮುಂದೆ ಹಾದು ಬರ್ತಿರೋದು!" ಷಡಾಕ್ಷರಪ್ಪನವರು ಗುಡುಗಿದರು. "ನಮ್ಮ ಹಿಂದಿನ ಮನೆಯವರದು!"

"ನಿಮ್ಮ ಹಿಂದೆ ಕೆರೆ ಐತೆ ಸ್ವಾಮಿ. ಮೀನು ಮಂಚದ ಮೇಲೆ ಮಲಗ್ತಾವಾ?" ಎಂದ ದ್ಯಾಮಜ್ಜ.

ಬೀದಿ ಗೊಳ್ಳೆಂದಿತು. ಆ ನಗು ಮುಗಿಯುವ ಮೊದಲೇ ಗ್ರಂಥಾಲಯದ ಒಳಗೆ ದಡ್ ಎಂದು ಸದ್ದಾಯಿತು. ಏಕಾಂತಪ್ಪ ಬಾಗಿಲಿಗೆ ಬಂದು ನಿಂತ. ತಲೆಗೂದಲಿನಿಂದ ದೋಸೆ ಹಿಟ್ಟು ತೊಟ್ಟಿಕ್ಕುತ್ತಿತ್ತು.

"ಗಂಗಾ, ಒಂದು ಮಾತು ಹೇಳೋದು ಮರ್ತಿದ್ದೆ. ಇವನಿಗೆ ಮಗ್ಗುಲು ಬದಲಿಸೋ ಮೋಟಾರೂ ಇಟ್ಟಿದೀನಿ. ತಿಗಣೆ ಹೆಚ್ಚಾಗಿ ಯಾವ ಕಡೆಯಿಂದ ಬರ್ತಾವೋ ಆ ಕಡೆಗೆ ಹೊರಳ್ತಾನೆ."

"ಹೊರಳಿದ್ರೆ?"

"ಬೆಂಚು ಮುಗಿದಿದೆ."

ಅವನನ್ನು ಪಕ್ಕಕ್ಕೆ ತಳ್ಳಿ ನಿದ್ರಾನಂದ ಹೊರಗೆ ಬಂದ. ಕೌದಿ ಹೊದ್ದ ಡ್ರಮ್ಮು ಗೊರಕೆ ಹೊಡೆಯುತ್ತ ಮೆಟ್ಟಿಲುಗಳನ್ನು ದಡ ದಡ ಇಳಿಯಿತು, ಅಂಗಳ ದಾಟಿತು, ಹಗ್ಗದಷ್ಟು ದಪ್ಪ ಸಾಲಿನ ವಾಸನೆ ಹಿಡಿದು ಇಳಿಜಾರಿಗೆ ಬಿದ್ದಿತು. ಹೀಟರಿನ ಫ್ಯೂಸು ಆಗಲೇ ಹಾರಿಹೋಗಿತ್ತು. ಒಳಗಿನ ತಗಡು ತಣ್ಣಗಾಗಿ, ಈಗ ಹೊಕ್ಕ ತಿಗಣೆಗಳೆಲ್ಲ ಸಾಯುವ ಬದಲು ಸುಖವಾಗಿ ಸವಾರಿ ಹೊರಟಿದ್ದವು.

"ಹಣ್ಣು! ಹಣ್ಣು!" ಎಂದು ಹೆಂಗಸರು ಕೂಗಿಕೊಂಡರು. ಹಣ್ಣು ಎಲ್ಲಿ ಉಳಿಯಬೇಕು? ನಿದ್ರಾನಂದ ಒಂದು ಚಾಪೆಯ ಮೇಲೆ ಹೊರಳಿದ, ಇನ್ನೊಂದರ ಮೇಲೆ ಹೊರಳಿದ. ಬಿಡಿಸಿದ ಹುಣಸೆಹಣ್ಣು ಮೈಗೆಲ್ಲ ಮೆತ್ತಿಕೊಂಡು ಉದ್ದ ಕರಿಯ ಗಡ್ಡದ ಸಾಧುವಿನಂತೆ ಕಂಡ. ಹಿಂದೆ ಕೊಡತಿ ಹಿಡಿದ ಹೆಂಗಸರು. ಅವರ ಹಿಂದೆ ಸರ್ವಮಂಗಳೆ. "ನನ್ನ ಹಿಟ್ಟು! ಅದು ಇಡ್ಲಿಗೂ ಆಗ್ತಿತ್ತು!" ಅವಳ ಮುಂದೆ ಅವಳ ಗಂಡ. ಎಲ್ಲರ ಹಿಂದೆ, ದಿಕ್ಕು ಬದಲಿಸಿದ ಅಷ್ಟೂ ಮನೆಯ ಸಾಲುಗಳು, ಪಂಚಾಯಿತಿ ಕಡತದ ಸಾಲು, ಟಿಕೆಟಿಲ್ಲದ ಬಸ್ಸಿನ ಸಾಲು, ದಿಬ್ಬಣದಂತೆ.

ಕೆತ್ತನೆಯ ಬಾಗಿಲಲ್ಲಿ ಅಧ್ಯಕ್ಷರ ಹೆಂಡತಿ ಶಿವಲಿಂಗಮ್ಮ ನಿಂತಿದ್ದರು. "ಯಾರ್ರೀ ಅದು? ಊಟದ ಹೊತ್ತಿಗೆ..." ಎನ್ನುವಷ್ಟರಲ್ಲಿ ನಿದ್ರಾನಂದ ಅವರ ಪಕ್ಕದಿಂದ ಒಳಗೆ ಉರುಳಿದ. ನಡುಮನೆ ದಾಟಿದ. ಕೋಣೆ ಹೊಕ್ಕ. ಅಲ್ಲಿ ಷಡಾಕ್ಷರಪ್ಪನವರ ತಾತನ ಕಾಲದ ಬೀಟೆ ಮರದ ಮಂಚ. ನಾಲ್ಕಾಳು ಎತ್ತಲಾರದ ಮಂಚ. ಅದರ ಕೆಳಗೆ ತೂರಿಕೊಂಡು, ಅಡ್ಡಪಟ್ಟಿಗೆ ಸಿಕ್ಕಿಹಾಕಿಕೊಂಡು, ಕಿಟಕಿಯ ಬಿಸಿಲಿಗೆ ಎದೆಯೊಡ್ಡಿ, ನಿಟ್ಟುಸಿರು ಬಿಟ್ಟು ನಿಶ್ಚಿಂತೆಯಾಗಿ ಮಲಗಿದ. ಅವನ ಹಿಂದೆ ತಿಗಣೆಯ ದಿಬ್ಬಣ ಮನೆ ತುಂಬಿತು.

"ನಿಲ್ಲಿಸೋ ಏಕಾಂತ! ಈ ಪೀಡೇನ ನಿಲ್ಲಿಸೋ!" ಷಡಾಕ್ಷರಪ್ಪನವರು ಹೊಸ್ತಿಲಿನಾಚೆಯಿಂದ ಕೂಗಿದರು. ಒಳಗೆ ಹೋಗಲು ಧೈರ್ಯವಿಲ್ಲ.

"ಎದೆ ಹಲಗೆಯ ತಂತಿ ಕೀಳಬೇಕು ಯಜಮಾನ್ರೆ. ಮಂಚ ಎತ್ತಿಸಿ, ನಿಲ್ಲಿಸ್ತೀನಿ."

ಷಡಾಕ್ಷರಪ್ಪನವರು ಜನರ ಕಡೆ ತಿರುಗಿದರು. ಮಂಚ ಎತ್ತಲು ಕರೆದರೆ ಊರಿನ ಅಷ್ಟೂ ಗಂಡಸರಿಗೆ ಸೊಂಟ ನೋವು!

"ತಾನಾಗಿ ಯಾವಾಗ ನಿಲ್ಲುತ್ತೆ?"

"ಕತ್ತಲಾದ್ರೆ ಗೊರಕೆ ನಿಲ್ಲುತ್ತೆ. ಉಸಿರು ಮಾತ್ರ..." ಏಕಾಂತಪ್ಪ ಗಡ್ಡದ ಹಿಟ್ಟು ಸವರಿಕೊಂಡ. "ನನ್ನ ಹುದುಗಿನ ಗುಣ ಏನಂದ್ರೆ, ಹಿಟ್ಟು ತಿಂದು ಬೆಳೆಯುತ್ತೆ. ಹಿಟ್ಟು ಮುಗಿದ ಮೇಲೆ ಕೌದಿ ತಿನ್ನುತ್ತೆ. ಈಗ ಹುಣಸೆಹಣ್ಣು ಬೇರೆ ಮೆತ್ತಿದೆ. ಯುಗಾದಿ ದಾಟಬಹುದು. ಆದ್ರೂ ನೀವು ಸಂತೋಷ ಪಡಬೇಕು. ಊರಿನ ತಿಗಣೆ ಎಲ್ಲಾ ಒಂದೇ ಕಡೆ ಸೇರಿಸೋ ಕೆಲಸ ಯಾವ ಸರ್ಕಾರಕ್ಕೂ ಆಗಿರಲಿಲ್ಲ!"

ಸದಸ್ಯರು ಬಿಸಿಲಲ್ಲೇ ನಿಂತಿದ್ದರು. ಗಂಗಾಂಬಿಕೆ ಓಡಿ ಬಂದ ಏದುಸಿರು ಹತೋಟಿಗೆ ತಂದುಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದಳು. "ಸಭೆ ಇಲ್ಲೇ ನಡೆಸಿಬಿಡಿ. ಠರಾವು ಓದಿ ಅಧ್ಯಕ್ಷರೇ. ಅದೇನು ಬರೆದಿದೀರಿ?"

ಷಡಾಕ್ಷರಪ್ಪನವರು ಹಾಳೆಯನ್ನು ಬೆನ್ನ ಹಿಂದೆ ಮರೆಮಾಡಿದರು. ಒಬ್ಬ ಸದಸ್ಯ ಹಾಳೆ ಎಳೆದುಕೊಂಡು ಓದಿದ. "ತಿಗಣೆಗಳ ಮೂಲವಾಗಿರುವ ಕಟ್ಟಡದ ಸಾಮಾನು ಸರಂಜಾಮು ಸುಟ್ಟು, ಸದರಿ ಕಟ್ಟಡಕ್ಕೆ ಬೀಗ ಹಾಕತಕ್ಕದ್ದು."

ಎಲ್ಲರೂ ಕೆತ್ತನೆಯ ಬಾಗಿಲು ನೋಡಿದರು. ಒಳಗಿನಿಂದ ಹದವಾದ ಗೊರಕೆ.

"ಒಳ್ಳೆ ಠರಾವು," ಎಂದ ದ್ಯಾಮಜ್ಜ. "ಬೀಗದ ಕೈ ಗಂಗವ್ವನ ಹತ್ರ ಇರ್ಲಿ."

ಷಡಾಕ್ಷರಪ್ಪನವರು ಹಾಳೆ ಕಿತ್ತುಕೊಂಡು ನಾಲ್ಕು ಚೂರು ಮಾಡಿದರು. "ಯಾವ ಠರಾವೂ ಇಲ್ಲ! ಲೈಬ್ರರಿ ಹೆಂಗಿದೆಯೋ ಹಂಗೇ ಇರ್ಲಿ!"

"ಹೆಂಗಿದೆಯೋ ಹಂಗೆ ಅಲ್ಲ," ಎಂದಳು ಗಂಗಾಂಬಿಕೆ. ಅವಳಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. "ಇನ್ನು ಮೇಲೆ ಕುರ್ಚಿ ಹೊಸ್ತಿಲು ದಾಟಲ್ಲ. ತಿಥಿಗೂ ಇಲ್ಲ, ಮದುವೆಗೂ ಇಲ್ಲ. ಕೂರೋರು ಬಂದು ಕೂರಲಿ. ಆಮೇಲೆ ಇನ್ನೊಂದಿದೆ. ತಿಂಗಳಿಂದ ನನ್ನ ಲೈಬ್ರರಿ ಮಾನ ಬೀದೀಲಿ ಹರಾಜು ಹಾಕಿದೀರಿ. ಬೀದೀಲೇ ನಿಂತು 'ತಪ್ಪಾಯ್ತು' ಅನ್ನಿ."

ಷಡಾಕ್ಷರಪ್ಪನವರಿಗೆ ಆ ಹೊತ್ತಿಗೆ ಬೆನ್ನಿನಲ್ಲಿ ಏನೋ ಕಚ್ಚಿತು. 'ತಪ್ಪಾಯ್ತು' ಎನ್ನುವ ಮಾತು ಅಲ್ಲಿಗೇ ಬಾಕಿ ಉಳಿಯಿತು.

ಯುಗಾದಿ ದಾಟಿತು. ಗ್ರಂಥಾಲಯದಲ್ಲಿ ಈಗ ಭೂತಗನ್ನಡಿ ಹಾಕಿ ಹುಡುಕಿದರೂ ತಿಗಣೆ ಸಿಗುವುದಿಲ್ಲ. ಆದರೂ ಗಂಗಾಂಬಿಕೆ ಪುಸ್ತಕ ವಾಪಸು ಬಂದ ಕೂಡಲೇ ಕರಿ ಪೆಟ್ಟಿಗೆಗೆ ಹಾಕಿ ಬಿಸಿಲಿಗಿಡುವುದನ್ನು ಬಿಟ್ಟಿಲ್ಲ. ಕುರ್ಚಿಗಳೆಲ್ಲ ತುಂಬಿರುತ್ತವೆ. ಹೆಂಗಸರೂ ಬರುತ್ತಾರೆ. ಹೋದ ಹುಣಸೆಹಣ್ಣಿನ ಸಿಟ್ಟು ಏಕಾಂತಪ್ಪನ ಮೇಲಿದೆಯೇ ಹೊರತು ಪುಸ್ತಕದ ಮೇಲಿಲ್ಲ.

ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕಾಯುವವರು ಷಡಾಕ್ಷರಪ್ಪನವರು. ಮನೆಯಲ್ಲಿ ಅವರಿಗೆ ನಿದ್ದೆಯಿಲ್ಲ. ಗೋಡೆಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಕೃಷಿಯ ಪುಸ್ತಕವೊಂದನ್ನು ಎದೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಾರೆ. ಗಂಗಾಂಬಿಕೆ ಮೇಜು ತಟ್ಟುತ್ತಾಳೆ. "ಇಲ್ಲಿ ಓದಬೇಕು, ಮಲಗೋ ಹಾಗಿಲ್ಲ ಅಧ್ಯಕ್ಷರೇ."

ಷಡಾಕ್ಷರಪ್ಪನವರು ಬೆಚ್ಚಿ ಎದ್ದು ಅವಳ ಮುಖ ನೋಡುತ್ತಾರೆ. ಏನೋ ಹೇಳಬೇಕೆನ್ನುವಂತೆ ಬಾಯಿ ತೆರೆಯುತ್ತಾರೆ. ಓದುವವರೆಲ್ಲ ತಲೆಯೆತ್ತುತ್ತಾರೆ. ದ್ಯಾಮಜ್ಜ ಪೇಪರು ಕೆಳಗಿಳಿಸುತ್ತಾನೆ. ಗಂಗಾಂಬಿಕೆ ಕಾಯುತ್ತಾಳೆ.

ಬರುವುದು ಒಂದು ದೊಡ್ಡ ಆಕಳಿಕೆ.

"ಇರ್ಲಿ ಬಿಡು ಗಂಗವ್ವ," ಎನ್ನುತ್ತಾನೆ ದ್ಯಾಮಜ್ಜ, ಪುಟ ತಿರುವುತ್ತ. "ಬಾಯಿ ತೆಗೆಯೋವರೆಗೂ ಬಂದವ್ರೆ."